ಕೆಂಪು ಬಂಡೆಯ ಮೇಲೆ ಮೂರು ಮಹಡಿ

ಅಮೆರಿಕದ ನಮ್ಮ ಅಲ್ಫರೆಟಾ, ಕಮ್ಮಿಂಗ್ ಊರುಗಳ ಕಡೆಯವರು ಯೂಟಾದ ಕೆಂಪು ಬಂಡೆ ನೋಡಲು ಹೊರಟರೆ ಏನಾದರೊಂದು ಆಗದೆ ವಾಪಸ್ ಬರುವುದಿಲ್ಲ. ಬಂಡೆಗಳು ಎಂದಿನಿಂದಲೋ ಸುಮ್ಮನೆ ನಿಂತಿವೆ, ತಪ್ಪು ಅವುಗಳದ್ದಲ್ಲ.

ಗುಟ್ಟು

ಮನೆಗಳಿಗೆ ಜನ ಮುಗಿಬೀಳುತ್ತಿದ್ದ ಕಾಲ. ಆಫೀಸಿನ ನನ್ನ ಗೆಳೆಯ ಕಮ್ಮಿಂಗ್‌ನಲ್ಲಿ ಯಾವ ಮನೆಗೆ ಆಫರ್ ಹಾಕಿದರೂ ಇನ್ಯಾರೋ ಹೆಚ್ಚು ಕೊಟ್ಟು ಹಾರಿಸಿಕೊಂಡು ಹೋಗುತ್ತಿದ್ದರು. ಬೇಸತ್ತ ಅವನ ಹೆಂಡತಿ, "ಒಂದು ವಾರ ಮನೆ ಸುದ್ದಿ ಬೇಡ, ಎಲ್ಲಾದ್ರೂ ಹೋಗೋಣ" ಅಂದಳು. ಮೈಸೂರಿನಿಂದ ಬಂದಿದ್ದ ಅವಳ ತಾಯಿಯೂ ಹೊರಟರು, ನಾನೂ ಹೊರಟೆ.

ಏರ್‌ಪೋರ್ಟಿನಲ್ಲಿ ಗೆಳೆಯ ಪಿಸುಗುಟ್ಟಿದ: "ಬೆಳಿಗ್ಗೆ ಇನ್ನೊಂದು ಆಫರ್ ಹಾಕಿದೀನಿ ಕಣೋ, ಅವಳಿಗೆ ಹೇಳ್ಬೇಡ." ಆಮೇಲೆ ಅವನ ಅತ್ತೆ: "ಅಳಿಯಂದ್ರು ಆಫರ್ ಹಾಕಿದಾರೆ, ಮಗಳಿಗೆ ಹೇಳ್ಬೇಡಿ." ವಿಮಾನ ಹತ್ತುವಾಗ ಹೆಂಡತಿ: "ಇವ್ರು ಆಫರ್ ಹಾಕಿರೋದು ನಂಗೆ ಗೊತ್ತು ಅಂತ ಯಾರ್ಗೂ ಹೇಳ್ಬೇಡಿ."

ಸಿಗ್ನಲ್

ಯೂಟಾದ ಕಾಲ್ನಡಿಗೆಯ ಟ್ರೇಲ್‌ನಲ್ಲಿ ಸಿಗ್ನಲ್ ಇರಲಿಲ್ಲ. ಮನೆ ಏಜೆಂಟನ ಉತ್ತರಕ್ಕಾಗಿ ಗೆಳೆಯ ಕಂಡ ಬಂಡೆಯನ್ನೆಲ್ಲ ಹತ್ತಿ, ಎರಡೂ ಕೈಯಲ್ಲಿ ಫೋನನ್ನು ಆಕಾಶಕ್ಕೆ ಎತ್ತಿ ನಿಲ್ಲುತ್ತಿದ್ದ. ವಯಸ್ಸಾದ ಅಮೆರಿಕನ್ ದಂಪತಿ ಅದನ್ನು ನೋಡಿ ಟೋಪಿ ತೆಗೆದು ಮೌನವಾಗಿ ನಿಂತರು. "ಸೂರ್ಯನ ಪ್ರಾರ್ಥನೆಯೇ?" ಎಂದು ಆಕೆ ಮೆಲ್ಲಗೆ ಕೇಳಿದರು. ವಿವರಿಸುವುದಕ್ಕಿಂತ ಹೌದೆನ್ನುವುದು ಸುಲಭ, ಹೌದೆಂದೆ.

ಅವನು ಇಳಿದು ಬಂದಾಗ, "ಏನಾದರೂ ಕಂಡಿತೇ?" ಎಂದು ಭಕ್ತಿಯಿಂದ ವಿಚಾರಿಸಿದರು.

"ಒಂದು ಕಡ್ಡಿ ಕಾಣಿಸ್ತು," ಅಂದ ಗೆಳೆಯ, "ಅಷ್ಟರಲ್ಲಿ ಹೋಯ್ತು."

ಹರಕೆ

ಬಂಡೆಯ ಮೇಲೆ ಕಾಲುದಾರಿ ಮೂಡುವುದಿಲ್ಲ. ಅದಕ್ಕೇ ಪಾರ್ಕಿನವರು ಅಲ್ಲಲ್ಲಿ ಕಲ್ಲಿನ ಮೇಲೆ ಕಲ್ಲು ಪೇರಿಸಿ ದಾರಿ ತೋರಿಸಿರುತ್ತಾರೆ. ಮೇಲುಕೋಟೆ ಬೆಟ್ಟದಲ್ಲಿ ಸ್ವಂತ ಮನೆ ಬೇಡಿಕೊಂಡು ಜನ ಪೇರಿಸುವುದೂ ಹೀಗೆಯೇ. ಆಂಟಿ, ಅಂದರೆ ಗೆಳೆಯನ ಅತ್ತೆ, ಮೊದಲ ಗುಡ್ಡೆ ನೋಡಿದರು, ಎರಡನೆಯದು ನೋಡಿದರು.

"ಪಾಪ, ಇಲ್ಲೂ ಎಷ್ಟು ಜನಕ್ಕೆ ಮನೆ ಇಲ್ಲ" ಅಂದರು.

ಟೋಪಿಯವನು

ನಾವು ನೀರು ಕುಡಿಯುವಷ್ಟರಲ್ಲಿ ಆಂಟಿ ದಾರಿಯಿಂದಾಚೆ ಹೋಗಿ, ಬಿದ್ದಿದ್ದ ಚಪ್ಪಡಿಯ ಮೇಲೆ ಎರಡು ಕಲ್ಲಿಟ್ಟು ಕೈಮುಗಿದಿದ್ದರು. ಕೆಳಗೊಂದು, ಮೇಲೆರಡು ಮಹಡಿ.

ವಾಪಸ್ ಬರುವಾಗ ನೋಡಿದರೆ ಚಪ್ಪಡಿಯೂ ಸೇರಿ ಕಲ್ಲು ಐದಾಗಿದ್ದವು. ಹೋಗಿಬರುವವರು ದಾರಿಯ ಗುರುತೆಂದು ತಮ್ಮದೂ ಒಂದೊಂದು ಇಟ್ಟಿದ್ದರು. ಆಂಟಿ ಹಿಗ್ಗಿದರು. "ಅತ್ತೆ, ಇಷ್ಟಕ್ಕೆ ಬ್ಯಾಂಕ್‌ನೋರು ಸಾಲ ಕೊಡಲ್ಲ" ಅಂದ ಗೆಳೆಯ. ಅದೇ ಗುರುತು ನಂಬಿ ಹೋದ ಏಳೆಂಟು ಜನ, ಆ ಹಿರಿಯ ದಂಪತಿಯೂ ಸೇರಿ, ಆಚೆ ದಾರಿಯಿಲ್ಲದೆ ಸುತ್ತುತ್ತಿದ್ದರು.

ಅಗಲ ಟೋಪಿಯ ರೇಂಜರ್ ಬಂದು ಯಾರು ಕಟ್ಟಿದ್ದೆಂದು ಕೇಳಿದ. ನಾನು ಆಕಾಶ ನೋಡಿದೆ. ಆಂಟಿ ಹೆಮ್ಮೆಯಿಂದ ಕೈಯೆತ್ತಿದರು. ವಿಷಯ ತಿಳಿಸಿದೆ, ಆತ ನಕ್ಕು, ಒಂದೊಂದೇ ಕಲ್ಲು ಇಳಿಸತೊಡಗಿದ.

"ಎರಡಾದ್ರೂ ಬಿಡಪ್ಪ" ಅಂದರು ಆಂಟಿ, ಕನ್ನಡದಲ್ಲೇ. ಚಪ್ಪಡಿಯೊಂದು ಮಾತ್ರ ಉಳಿಯಿತು.

ಸಂಜೆ ಕಾರಿನಲ್ಲಿ ಸಿಗ್ನಲ್ ಬಂತು, ಜೊತೆಗೆ ಮೆಸೇಜೂ: ಆಫರ್ ಒಪ್ಪಿದ್ದಾರೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿ ಚೆನ್ನಾಗಿಯೇ ಆಶ್ಚರ್ಯಪಟ್ಟರು. ಹೆಂಡತಿ ಅತ್ತೇಬಿಟ್ಟಳು. ನನಗೂ ಖುಷಿಯಾಯಿತು.

ಗೃಹಪ್ರವೇಶಕ್ಕೆ ಹೋದೆ. ಅಚ್ಚುಕಟ್ಟಾದ ಮನೆ, ಒಂದೇ ಅಂತಸ್ತು. ಹಾಲು ಉಕ್ಕಿಸಿದ ಮೇಲೆ ಆಂಟಿ ಹಾಲ್‌ನಲ್ಲಿ ನಿಂತು ಸೀಲಿಂಗನ್ನೇ ನೋಡುತ್ತಿದ್ದರು.

"ಮನೆ ಚೆನ್ನಾಗಿದೆಯಲ್ಲ ಆಂಟಿ?"

"ಚೆನ್ನಾಗೇನೋ ಇದೆ," ಅಂದರು. "ಆ ಟೋಪಿಯವನು ಕೈ ಹಾಕದೆ ಇದ್ದಿದ್ರೆ ಮೇಲೆ ನಾಲ್ಕು ಮಹಡಿ ಇರ್ತಿತ್ತು."