ನಮ್ಮ ಗೌರಿಯ ಬಾಣಂತನ

ಬಾಣಂತನ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಹೊಸಪೇಟೆಯಲ್ಲಿ ಇಲ್ಲ ಎಂದು ನಾನು ನಂಬಿದ್ದೆ. ಮಾಡಿ ನೋಡಿರಲಿಲ್ಲ, ಅಷ್ಟೇ!

ಮಗಳ ಚೊಚ್ಚಲ ಹೆರಿಗೆಗೆಂದು ಅಂಟು, ಒಣಕೊಬ್ಬರಿ, ಉತ್ತುತ್ತಿ, ಲೋಬಾನ ಎಲ್ಲ ತಂದಿಟ್ಟಿದ್ದೆ. ಆಕೆ, "ಇಲ್ಲಿ ದವಾಖಾನಿ ಹತ್ರ ಐತಿ, ಅತ್ತಿ ನೋಡ್ಕೊಂತಾರ. ಬ್ಯಾಸರ ಮಾಡ್ಕೋಬ್ಯಾಡವ್ವ" ಎಂದು ಗಂಡನ ಊರು ಸಂಡೂರಿನಲ್ಲೇ ಉಳಿದಳು. ಹೋಗಿ ಕೂಸಿನ ಮುಖ ನೋಡಿ, ಸಂಜೆ ಬಸ್ಸಿಗೆ ವಾಪಸ್ ಬಂದೆ. ಆಮೇಲೆ ಎಣ್ಣೆ ಬಾಟಲಿ ಕಂಡರೂ ಕೈ ಕೂಸನ್ನು ಹುಡುಕುತ್ತಿತ್ತು.

ಅಷ್ಟರಲ್ಲಿ ನಮ್ಮ ಬೆಕ್ಕು ಗೌರಿ ಬಟ್ಟೆಬುಟ್ಟಿಯಲ್ಲಿ ಮರಿ ಹಾಕಿದಳು. ನನ್ನ ಕಣ್ಣಿಗೆ ಅದು ಬೆಕ್ಕಲ್ಲ, ತವರಿಗೆ ಬಂದ ಮಗಳು!

"ಏನ್ ಮಾಡಾಕತ್ತೀಯ?" ಯಜಮಾನರು ಕೇಳಿದರು.

"ಬಾಣಂತಿಗೆ ಥಂಡಿ ಆಗಬಾರ್ದ್ರಿ. ಕಿವಿಗೆ ಬಟ್ಟಿ ಕಟ್ಟಾಕತ್ತೀನಿ."

"ಕಿವಿ ಕಟ್ಟಿದ್ರ ಇಲಿ ಸಪ್ಪಳ ಹೆಂಗ ಕೇಳ್ತೈತಿ ಅದಕ್ಕ?"

"ಬಾಣಂತಿ ಡ್ಯೂಟಿಗೆ ಹೋಗಂಗಿಲ್ಲ!"

ಬಟ್ಟೆ ಹರಿಯಿತು. ನನ್ನ ಕೈಯೂ.

ಹಾಲು ಹೆಚ್ಚಲಿ ಎಂದು ಬೆಳ್ಳುಳ್ಳಿ ಹಾಕಿದ ಸಬ್ಬಸಿಗೆ ಪಲ್ಯ, ಸಜ್ಜೆ ರೊಟ್ಟಿ ಇಟ್ಟೆ. ಮೂಸಿ ಮುಖ ತಿರುಗಿಸಿದಳು. ಅಂಟಿನ ಉಂಡೆ ಇಟ್ಟೆ. ಇರುವೆ ಬಂದವು, ಗೌರಿ ಬರಲಿಲ್ಲ. ಕೊನೆಯ ಅಸ್ತ್ರವಾಗಿ ಲೋಬಾನದ ಹೊಗೆ ಹಾಕಿದೆ. ಯಜಮಾನರು ಕೆಮ್ಮುತ್ತ ಬೀದಿಗೆ ಓಡಿದರು. ಎದುರುಮನೆಯವರು ಕೊಡ ತುಂಬ ನೀರು ಹಿಡಿದು ಬೆಂಕಿ ಆರಿಸಲು ಬಂದರು!

ಹೊಗೆ ತಿಳಿಯಾದಾಗ ಬುಟ್ಟಿ ಖಾಲಿ. ತಾಯಿಯೂ ಇಲ್ಲ, ಮರಿಗಳೂ ಇಲ್ಲ.

ಅಟ್ಟ ಹುಡುಕಿದೆ, ನೀರಿನ ಟ್ಯಾಂಕಿನ ಸಂದಿ ಹುಡುಕಿದೆ. ಏನೂ ತಿನ್ನದವಳ ಹಾಲು ಬತ್ತಿದರೆ ಆ ಮರಿಗಳ ಗತಿ? ಬೀದಿಯಲ್ಲಿ ನಿಂತು "ಗೌರೀ, ಗೌರೀ" ಎಂದು ಅಳುತ್ತ ಕೂಗಿದೆ.

ಪಕ್ಕದ ಮನೆಯ ಹುಲಿಗೆಮ್ಮ ಗೋಡೆಯಾಚೆಯಿಂದ ಇಣುಕಿದಳು. "ಯಾಕ್ರಿ ಅಕ್ಕಾರ ಅಳ್ತೀರಿ? ನಿಮ್ ಬಾಣಂತಿ ನಮ್ ಕಟಿಗಿ ಕ್ವಾಣ್ಯಾಗ ಅದಾಳ. ಡ್ಯಾಮಿನ ಮೀನು ಬೇಯ್ಸಿ, ಮುಳ್ಳು ತಗದು ಹಾಕಿದ್ನಿ. ತಾಟು ತೊಳಿಯೋ ಕೆಲಸ ಇಲ್ದಂಗ ನೆಕ್ಕ್ಯಾಳ!"

ನಮ್ಮದು ಮೊಟ್ಟೆಯೂ ಹೊಸ್ತಿಲು ದಾಟದ ಮನೆ. ನೋಡಲು ಬಂದ ದನದ ಡಾಕ್ಟರು, "ಬೆಳ್ಳುಳ್ಳಿ ಬೆಕ್ಕಿಗೆ ವಿಷರಿ. ತಿನ್ಲಿಲ್ಲ, ಪುಣ್ಯ. ಬೇಯ್ಸಿದ ಮೀನು, ಕೋಳಿ, ಸ್ವಚ್ಛ ನೀರು ಕೊಡ್ರಿ. ಜಾಗ ಬದಲಿ ಮಾಡಬ್ಯಾಡ್ರಿ. ಮತ್ತ ಸುಮ್ನ ಬಿಡ್ರಿ" ಎಂದರು. ಕೊನೆಯ ಮಾತನ್ನು ನನ್ನನ್ನೇ ನೋಡಿ ಹೇಳಿದರು!

ಈಗ ಮರಿಗಳು ಕಣ್ಣು ಬಿಟ್ಟಿವೆ. ದಿನಾ ಸಂಜೆ ಹೋಗಿ ಕಟ್ಟಿಗೆ ಕೋಣೆಯ ಬಾಗಿಲಲ್ಲಿ ಕೂರುತ್ತೇನೆ. ಒಂದನ್ನಾದರೂ ಮಡಿಲಿಗೆ ಹಾಕಿಕೊಳ್ಳೋಣ ಎಂದು ಕೈ ಚಾಚಿದರೆ ಗೌರಿ ಗುರ್ ಎನ್ನುತ್ತಾಳೆ.

"ದೂರದಿಂದ ನೋಡ್ರಿ ಅಕ್ಕಾರ" ಎನ್ನುತ್ತಾಳೆ ಹುಲಿಗೆಮ್ಮ, ಥೇಟ್ ನಮ್ಮ ಬೀಗತಿಯ ಹಾಗೆ.

ಒಂದೇ ವರ್ಷದಲ್ಲಿ ಎರಡು ಬಾಣಂತನ. ಎರಡರಲ್ಲೂ ನಾನು, ಮುಖ ನೋಡಿ ಹೋಗಲು ಬಂದ ನೆಂಟಳು!