ವೇಬ್ರಿಡ್ಜಿನ ಲಿನಕ್ಸೂ ನನ್ನ ವೈದ್ಯಗಾರಿಕೆಯೂ

ಕಂಪ್ಯೂಟರಿನ ಆರೋಗ್ಯ ನೋಡುವ ಕೆಲಸಕ್ಕೆ ಇಳಿದವನು ಆಗಾಗ ಪೆದ್ದನಾಗದೆ ವಿಧಿಯಿಲ್ಲ. ನಾನಂತೂ ಒಂದು ಸಲವೂ ತಪ್ಪಿಸಿಕೊಂಡವನಲ್ಲ. ಎರಡು ಸಾವಿರದ ಇಸವಿ ದಾಟಿದ ಹೊಸತು. ಮನೆ ಹುಣಸೂರು, ಕೆಲಸ ಪಿರಿಯಾಪಟ್ಟಣದ ಹೊರಗಿನ ಒಂದು ವೇಬ್ರಿಡ್ಜಿನಲ್ಲಿ. ಶುಂಠಿ, ಹೊಗೆಸೊಪ್ಪಿನ ಲಾರಿಗಳ ತೂಕ ಬರೆದುಕೊಳ್ಳುವ ಅಲ್ಲಿನ ಕಂಪ್ಯೂಟರಿಗೆ, ಕರೆಂಟು ಹೋದರೂ ನಿಲ್ಲದಂತೆ ಬ್ಯಾಟರಿ ಕಟ್ಟಿ, ಹಟ ಹಿಡಿದು ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೆ. ಕಪ್ಪು ಪರದೆಯ ಮೇಲೆ ಟಪಟಪ ಕಮಾಂಡ್ ಹೊಡೆದು ಅದರ ನಾಡಿ ನೋಡುವುದೇ ನನ್ನ ಜಂಬ.

ಯಜಮಾನರಿಗೆ ನಂಬಿಕೆ ಇರಲಿಲ್ಲ. "ಈ ಆಯುಧಪೂಜೆಯಿಂದ ಬರೋ ಆಯುಧಪೂಜೆ ತಂಕ ಒಂದ್ಸಲಾನೂ ನಿಲ್ದಂಗೆ ಓಡ್ಲಿ. ನಮ್ಮ ಹುಣ್ಸೂರು, ಕೋಟೆ ಎರಡೂ ತಾಲ್ಲೂಕಿನ ವೇಬ್ರಿಡ್ಜೂ ನಿಮ್ಗೇ ಕೊಡ್ತೀನಿ," ಅಂದರು. ನನಗೆ ಆ ಕೆಲಸ ಬೇಕೇ ಬೇಕಿತ್ತು. ಒಂದೇ ವೇಬ್ರಿಡ್ಜ್ ನಂಬಿಕೊಂಡವನಿಗೆ ಹೆಣ್ಣು ಕೊಡಲು ಯಾರೂ ಸಿದ್ಧರಿರಲಿಲ್ಲ.

೧. ಎಲ್ಲ ಆರೋಗ್ಯ

ತೂಕದ ಚೀಟಿ ಪ್ರಿಂಟ್ ಆಗುತ್ತಿಲ್ಲ ಎಂದು ಫೋನು ಬಂತು. ಬಸ್ಸು ಹತ್ತಿ ಓಡಿದೆ. ಡಿಸ್ಕಿನಲ್ಲಿ ಜಾಗ ಇದೆಯೇ, ಇದೆ. ಮೆಮೊರಿ ಖಾಲಿ ಇದೆಯೇ, ಇದೆ. ಎರಡು ಗಂಟೆ ಕಮಾಂಡ್ ಮೇಲೆ ಕಮಾಂಡ್ ಹೊಡೆದೆ, ರೋಗವೇ ಸಿಗಲಿಲ್ಲ. ಕೊನೆಗೆ ಬೆವರು ಒರೆಸಿಕೊಂಡು ಪ್ರಿಂಟರಿನ ಮುಚ್ಚಳ ತೆಗೆದರೆ ಒಳಗೆ ಕಾಗದವೇ ಇಲ್ಲ.

"ಮೊದ್ಲೇ ಹೇಳಬಾರದಾ?" ಎಂದು ತೂಕ ಮಾಡುವ ಅಣ್ಣನನ್ನು ಕೇಳಿದೆ.

"ಪೇಪರ್ ಮುಗ್ದಿದ್ದು ಗೊತ್ತಿತ್ತು ಕಣ್ರೀ. ನೀವು ಅಷ್ಟ್ ಆಸೆಯಾಗಿ ನೋಡ್ತಿದ್ರಲ್ಲ, ಯಾಕ್ ಕೆಡಿಸ್ಲಿ ಅಂತ ಸುಮ್ಕಿದ್ದೆ."

೨. ಜ್ವರ

ಇನ್ನೊಮ್ಮೆ ಹೋದಾಗ ಶಾಖ ತೋರಿಸುವ ಕಮಾಂಡ್ ಹೊಡೆದರೆ ಅಂಕಿ ಎಲ್ಲಿಗೋ ಏರಿ ಕುಳಿತಿದೆ. ಇನ್ನೇನು ನಿಂತೇ ಹೋಗುತ್ತದೆ ಎಂದುಕೊಂಡೆ. ಪ್ರೊಸೆಸರ್, ಫ್ಯಾನು ಎಂದು ಅಣ್ಣನಿಗೆ ಅರ್ಧ ಗಂಟೆ ಪಾಠ ಮಾಡಿ, ಮೇಜಿನ ಕೆಳಗೆ ಬಗ್ಗಿದೆ. ಪೆಟ್ಟಿಗೆ ಬೆಚ್ಚಗೆ ಕಂಬಳಿ ಹೊದ್ದು ಕುಳಿತಿತ್ತು.

"ಯಾವ ಬುದ್ಧಿವಂತ ಹೊದಿಸಿದ್ದು ಇದನ್ನ?"

"ನಾನೇಯ. ಧೂಳು ಬೀಳ್ದಂಗೆ ನೋಡ್ಕೊ ಅಂತ ಹೋದ್ವಾರ ನೀವೇ ಹೇಳ್ಬುಟ್ಟು ಹೋದ್ರಲ್ಲ."

೩. ಬೊಟ್ಟು

ಅಂತೂ ಆಯುಧಪೂಜೆ ಬಂತು. ಎಷ್ಟು ಹೊತ್ತಿನಿಂದ ನಿಲ್ಲದೆ ಓಡುತ್ತಿದೆ ಎಂದು ತೋರಿಸುವ ಕಮಾಂಡಿಗೆ ಅಪ್‌ಟೈಮ್ ಎನ್ನುತ್ತಾರೆ. ಬೆಳಿಗ್ಗೆ ಹೊಡೆದು ನೋಡಿದೆ, ವರ್ಷ ತುಂಬಿತ್ತು. ಮಂಗಳಾರತಿ ಆದ ಮೇಲೆ ಎಲ್ಲರೆದುರು ತೋರಿಸೋಣ ಎಂದು ಮೀಸೆಯಡಿ ನಕ್ಕೆ.

ಯಜಮಾನರು ಮನೆಮಂದಿಯೊಂದಿಗೆ ಬಂದರು. ತಕ್ಕಡಿಗೆ ನಿಂಬೆಹಣ್ಣು, ಗೇಟಿಗೆ ಬಾಳೆಕಂದು ಆಯಿತು. "ನಿಮ್ ಮಿಷಿನ್ನಿಗೆ ನೀವೇ ಮಾಡಿ," ಅಂದರು. ನನಗೆ ಖುಷಿಯೋ ಖುಷಿ. ಪೆಟ್ಟಿಗೆಗೆ ವಿಭೂತಿ ಬಳಿದೆ, ಹೂವು ಏರಿಸಿದೆ. ಬೊಟ್ಟಿಡಲು ಮುಂಭಾಗದ ನಟ್ಟನಡುವೆ ದುಂಡಗೆ ಒಂದು ಜಾಗ ಕಂಡಿತು. ಉಂಗುರ ಬೆರಳಲ್ಲಿ ಕುಂಕುಮ ತೆಗೆದು, ಕಣ್ಣು ಮುಚ್ಚಿ, ಭಕ್ತಿಯಿಂದ ಒತ್ತಿದೆ.

ಕಣ್ಣು ಬಿಟ್ಟಾಗ ಕಂಪ್ಯೂಟರ್ ಆಫ್ ಆಗುತ್ತಿತ್ತು. ನಾನು ಕುಂಕುಮ ಇಟ್ಟಿದ್ದು ಪವರ್ ಬಟನ್ನಿಗೆ.

ಮತ್ತೆ ಆನ್ ಮಾಡಿ ಅಪ್‌ಟೈಮ್ ಹೊಡೆದೆ. ಒಂದು ನಿಮಿಷ ಎಂದಿತು.

ಯಜಮಾನರು ಬಗ್ಗಿ ಪರದೆ ನೋಡಿದರು. "ಮಿಷಿನ್ನು ಗಟ್ಟಿಯಾಗೈತೆ ಕಣ್ರೀ. ವರ್ಸೆಲ್ಲ ಓಡ್ತು. ನಿಲ್ಲಿಸಾಕೆ ನೀವೇ ಬರ್ಬೇಕಾಯ್ತು."

ಹುಣಸೂರು, ಕೋಟೆ ಎರಡನ್ನೂ ಕೊಟ್ಟರು. ಷರತ್ತು ಒಂದೇ, ಆಯುಧಪೂಜೆಯ ದಿನ ಈ ಮೂರು ತಾಲ್ಲೂಕಿನಲ್ಲಿ ನಾನು ಇರಕೂಡದು. ಮದುವೆಯಾದ ಮೇಲೂ ಪ್ರತಿ ವರ್ಷ ಆ ದಿನ ಈ ಮೂರೂ ತಾಲ್ಲೂಕಿನ ಆಚೆ ಇರುವ ಮಿರ್ಲೆಯ ಅಕ್ಕನ ಮನೆಗೆ ಹೋಗುತ್ತೇನೆ. ಅಲ್ಲಿ ಇರುವುದು ಒಂದು ಮಿಕ್ಸಿ. ಅದಕ್ಕೂ ಬೊಟ್ಟಿಡಲು ಅಕ್ಕ ಬಿಡುವುದಿಲ್ಲ.