ಹದಿನೈದನೇ ಸಂಬಂಧ

ನಮ್ಮ ಸೋದರಮಾವನ ದೆಸೆಯಿಂದ ನನ್ನ ಹತ್ತು ವರ್ಷದ ಮಗಳು ಇದುವರೆಗೆ ಹದಿನಾಲ್ಕು ಸಂಬಂಧಗಳನ್ನು ಬೇಡ ಎಂದು ವಾಪಸ್ ಕಳಿಸಿದ್ದಾಳೆ! ಗಾಬರಿಯಾಗಿ ಪೊಲೀಸರಿಗೆ ಫೋನ್ ಮಾಡಬೇಡಿ, ಸ್ವಲ್ಪ ತಾಳಿ. ವಾಪಸ್ ಹೋದ ಗಂಡುಗಳೆಲ್ಲ ಪುಸ್ತಕಗಳು. ಮಕ್ಕಳಿಗೆ ಮನಸ್ಸಿಗೊಪ್ಪುವ ಪುಸ್ತಕ ಹುಡುಕಿಕೊಡುವುದು ಮಾವನ ಈಗಿನ ಕೆಲಸ. ಒಳ್ಳೆಯ ಕೆಲಸವೇ, ಯಾರು ಇಲ್ಲ ಅಂದರು? ಆದರೆ ನಲವತ್ತು ವರ್ಷ ಮದುವೆ ಬ್ರೋಕರ್ ಆಗಿದ್ದ ಮನುಷ್ಯನ ಕೈಗೆ ಈ ಕೆಲಸ ಸಿಕ್ಕರೆ ಏನಾಗಬೇಕೋ ಅದೇ ಆಗಿದೆ.

ಮಾವನ ಊರು ಭೇರ್ಯ. ಅಲ್ಲಿಂದ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯವರೆಗೆ ಅವರು ಬಸ್ಸಿನಲ್ಲಿ ತಿರುಗಿ ಕುದುರಿಸದ ಸಂಬಂಧವಿಲ್ಲ. ಹುಡುಗ ಹುಡುಗಿಯರು ಮೊಬೈಲಿನಲ್ಲೇ ಒಬ್ಬರನ್ನೊಬ್ಬರು ನೋಡಿಕೊಳ್ಳುವ ಕಾಲ ಬಂದಮೇಲೆ ಅವರನ್ನು ಕೇಳುವವರಿಲ್ಲವಾಯಿತು. ಬೇರೆಯವರಾಗಿದ್ದರೆ ಜಗಲಿ ಹಿಡಿದು ಕೂರುತ್ತಿದ್ದರು. ಮಾವ ಏನು ಮಾಡಿದರು ಗೊತ್ತೇ? ಜಾತಕ, ಫೋಟೋ ತುಂಬಿದ್ದ ರೆಕ್ಸಿನ್ ಬ್ಯಾಗನ್ನು ಕೊಡವಿ ಖಾಲಿ ಮಾಡಿ, ಗುಜರಿ ಅಂಗಡಿಗಳಲ್ಲಿ ಹೆಕ್ಕಿದ ಮಕ್ಕಳ ಪುಸ್ತಕಗಳನ್ನು ತುಂಬಿಕೊಂಡು ಮತ್ತೆ ಅದೇ ಬಸ್ಸು ಹತ್ತಿದರು!

ಅವರ ಹತ್ತಿರ ಒಂದು ಹಳೆಯ ನೋಟ್‌ಬುಕ್ಕಿದೆ. ಮುಂದಿನಿಂದ ತೆಗೆದರೆ ಗಂಡುಗಳ ವಿವರ: ‘ಎರಡೆಕರೆ ಗದ್ದೆ. ತಲೇಲಿ ಕೂದಲು ಕಮ್ಮಿ. ಕೋಪ ಇಲ್ಲ.’ ತಿರುಗಿಸಿ ಹಿಂದಿನಿಂದ ತೆಗೆದರೆ ಪುಸ್ತಕಗಳ ವಿವರ: ‘ನೂರು ಪುಟ. ನೋಡಕ್ಕೆ ಲಕ್ಷಣ. ಬಾಯಿ ಬಿಟ್ರೆ ಬುದ್ಧಿ ಹೇಳ್ತದೆ.’ ಎಲ್ಲವನ್ನೂ ತಾವೇ ಓದಿ, ವಿಚಾರಿಸಿ, ಗುಣಾವಗುಣ ಬರೆದಿಟ್ಟುಕೊಂಡಿದ್ದಾರೆ. ಓದಿದ್ದು ಏಳನೇ ಕ್ಲಾಸು, ಗತ್ತು ಮಾತ್ರ ಕುಲಪತಿಗಳದ್ದು!

ಇನ್ನು ನನ್ನ ಸಂಕಟ ಕೇಳಿ. ನಾನು ಹುಣಸೂರಿನ ಆಚೆ ಒಂದು ಹಳ್ಳಿಯ ಶಾಲೆಯಲ್ಲಿ ಕನ್ನಡ ಮೇಡಂ. ನನ್ನ ಮಗಳು ಪಾಠದ ಪುಸ್ತಕ ಬಿಟ್ಟರೆ ಒಂದೇ ಒಂದು ಕಥೆ ಪುಸ್ತಕ ಮುಟ್ಟಿದವಳಲ್ಲ. ದಿನಾ ಸಂಜೆ ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿಸುತ್ತಿದ್ದೆ, ಒಂದೊಂದು ಒತ್ತಕ್ಷರ ತಪ್ಪಿದಾಗಲೂ ತಡೆದು ತಿದ್ದುತ್ತಿದ್ದೆ. ಒಂದು ದಿನ ನಾನು ತಂದುಕೊಟ್ಟಿದ್ದ ಪುಸ್ತಕ ಅಕ್ಕಿ ಚೀಲದ ಹಿಂದೆ ಸಿಕ್ಕಿತು. ಯಾಕೆ ಬಚ್ಚಿಟ್ಟೆ ಅಂದರೆ, “ಅದನ್ನ ಕಂಡ್ರೆ ಹೊಟ್ಟೆ ನೋಯುತ್ತೆ ಅಮ್ಮ” ಅಂದಳು. ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು. ಈ ಮಗು ಜನ್ಮದಲ್ಲಿ ಪುಸ್ತಕದ ಹತ್ತಿರ ಸುಳಿಯದೇ ಹೋದರೆ?

ಹಾಗಾಗಿ ಅವಳ ಹುಟ್ಟುಹಬ್ಬಕ್ಕೆ ಮೈಸೂರಿನಿಂದ ನೀತಿಕಥೆಗಳ ಹತ್ತು ಸಂಪುಟ ತಂದೆ. ಹೊಳೆಯುವ ರಟ್ಟು, ಬಣ್ಣದ ಚಿತ್ರ! ಅಂದೇ ವಕ್ಕರಿಸಿದ ಮಾವ ಒಂದು ಸಂಪುಟವನ್ನು ಕೈಯಲ್ಲಿ ತೂಗಿ ನೋಡಿ, “ಹುಡ್ಗ ದಪ್ಪನಾಗವ್ನೆ. ಮಾತುಕತೆ ಎಂಗೆ?” ಎಂದರು.

“ಮಾವ, ಅದು ಪುಸ್ತಕ.”

“ಗೊತ್ತು ಕಣವ್ವ. ಮಗ, ಒಂದು ಹಾಳೆ ಓದು, ನೋಡಾಣ.”

ಮಗಳು ಓದತೊಡಗಿದಳು. ಮಾವ ಅವಳ ಮುಖ ನೋಡಲಿಲ್ಲ, ಪುಸ್ತಕವನ್ನೂ ನೋಡಲಿಲ್ಲ. ಕಾಲು ನೋಡುತ್ತಿದ್ದರು. ಅರ್ಧ ಹಾಳೆಯಾಗುವಷ್ಟರಲ್ಲಿ ಪುಸ್ತಕ ಇಸಿದುಕೊಂಡು ಪಕ್ಕಕ್ಕಿಟ್ಟರು.

“ಒಪ್ಪಿಲ್ಲ. ಹೆಬ್ಬೆಟ್ಟು ನೆಲ ಕೆರೀತಾ ಅದೆ.”

ಸಿನಿಮಾಗಳಲ್ಲಿ ಹೆಣ್ಣು ಹೆಬ್ಬೆರಳಲ್ಲಿ ನೆಲ ಕೆರೆದರೆ ನಾಚಿಕೆ, ಅಂದರೆ ಒಪ್ಪಿಗೆ. ಮಾವನ ಶಾಸ್ತ್ರದಲ್ಲಿ ಅದರ ಅರ್ಥ ‘ಇಲ್ಲಿಂದ ಎದ್ದು ಹೋದರೆ ಸಾಕಪ್ಪಾ’ ಎಂದು! “ಬಾಯಲ್ಲಿ ಎಲ್ಲಾರೂ ನೀವೆಂಗೇಳಿದ್ರೆ ಅಂಗೆ ಅಂತಾರೆ ಕಣವ್ವ. ಕಾಲು ಸುಳ್ಳು ಯೋಳಕಿಲ್ಲ. ಒಪ್ಪಿದ್ರೆ ಅಳ್ಳಾಡ್ದಂಗೆ ನಿಂತೋಯ್ತದೆ.”

ನನಗೆ ಮೈಯೆಲ್ಲ ಉರಿಯಿತು. “ಕಾಲು ನೋಡಿ ಅಷ್ಟು ತಿಳೀತಿದ್ದವರು ಬೆರಳು ಕೆರೆದ ಹುಡುಗಿಯರಿಗೂ ಮದುವೆ ಮಾಡಿಸಿದ್ದು ಯಾಕೆ ಮಾವ?” ಎಂದು ಕೇಳಿಯೇಬಿಟ್ಟೆ. ಮಾವ ಬ್ಯಾಗಿನ ಜಿಪ್ಪು ಸಿಕ್ಕಿಕೊಂಡಿದೆಯೆಂದು ಅದನ್ನು ಎಳೆಯುತ್ತಾ ಕೂತರು.

ಅಷ್ಟಕ್ಕೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಒಂದು ಶನಿವಾರ ನಮ್ಮ ಶಾಲೆಗೇ ಬಂದರು! ನಮ್ಮಲ್ಲಿ ಪುಸ್ತಕಗಳಿಗೆ ಒಂದು ಬೀರುವಿದೆ, ಅದಕ್ಕೊಂದು ಬೀಗವಿದೆ, ಬೀಗದ ಕೈ ಹೆಡ್‌ಮಾಸ್ಟರ ಜೇಬಿನಲ್ಲಿದೆ. ಮಕ್ಕಳು ಮುಟ್ಟಿದರೆ ಪುಸ್ತಕ ಹಾಳಾಗುತ್ತವಲ್ಲ! ಮಾವ ಅವರನ್ನು ಅದೇನು ಮಾತಾಡಿಸಿದರೋ, ಬೀಗ ತೆಗೆಸಿ, ಪುಸ್ತಕಗಳನ್ನೆಲ್ಲ ಜಮಖಾನದ ಮೇಲೆ ಸಾಲಾಗಿ ಕೂರಿಸಿ, ತಮ್ಮ ಬ್ಯಾಗಿನಲ್ಲಿದ್ದವನ್ನೂ ಜೊತೆಗಿಟ್ಟು, ಮಕ್ಕಳಿಗೆ ಉಪ್ಪಿಟ್ಟು ಕೇಸರಿಬಾತು ಹಂಚಿದರು. ಹೆಣ್ಣು ನೋಡುವ ಶಾಸ್ತ್ರ ತಿಂಡಿಯಿಲ್ಲದೆ ನಡೆಯುವುದುಂಟೇ? ಸಂಜೆಗೆ ಅರ್ಧ ಬೀರು ತುಪ್ಪದ ಕೈ ಗುರುತು. ಬೈಸಿಕೊಂಡವಳು ನಾನು!

ಐದನೇ ತರಗತಿಯ ಹುಡುಗಿಯೊಬ್ಬಳು ಬ್ಯಾಗಿನಿಂದ ಬಂದ ಪಂಪ್‌ಸೆಟ್ ರಿಪೇರಿಯ ಪುಸ್ತಕ ಹಿಡಿದು ಅಲ್ಲೇ ಕಲ್ಲಾಗಿ ಕೂತಳು. “ಅದೂ ಒಂದು ಪುಸ್ತಕವಾ ಮಾವ? ಕಥೆಯಿಲ್ಲ, ಕವಿತೆಯಿಲ್ಲ!” ಎಂದು ರೇಗಿದೆ.

“ಅವಳ್ಗೆ ಒಪ್ತು. ಮಧ್ಯ ನಿಂದೇನು?” ಅಂದರು.

ನಾಲ್ಕು ದಿನ ಕಳೆದಿತ್ತು. ತಿಂಗಳಿಂದ ನೀರೆತ್ತದ ಶಾಲೆಯ ಮೋಟರಿನ ಮುಂದೆ ಹೆಡ್‌ಮಾಸ್ಟರು ತಲೆ ಮೇಲೆ ಕೈ ಹೊತ್ತು ನಿಂತಿದ್ದಾಗ ಆ ಹುಡುಗಿ ಹೋಗಿ, “ಪೈಪಿನ ಬುಡದ ಫುಟ್‌ವಾಲ್ವ್ ಹೋಗ್ಬುಟ್ಟದೆ ಸಾ, ಅದುನ್ನ ಬದಲಾಯ್ಸಿ” ಅಂದಳಂತೆ. ನೀರೂ ಬಂತಂತೆ. ಹೆಡ್‌ಮಾಸ್ಟರು ಈಗ ಮಾವನನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಇದಕ್ಕೇನನ್ನಬೇಕು?

ಊರ ಮಕ್ಕಳಿಗೆಲ್ಲ ಕಂಕಣ ಕೂಡಿಬಂತು, ನನ್ನ ಮಗಳೊಬ್ಬಳಿಗೆ ಮಾತ್ರ ಇಲ್ಲ. ಆನೆಯದು ಬಂತು, ಕಾಲು ಕೆರೆಯಿತು. ರಾಜಕುಮಾರಿಯದು, ನಕ್ಷತ್ರದ್ದು, ನಗೆಹನಿಯದು, ಎಲ್ಲಕ್ಕೂ ಕೆರೆಯಿತು. ಹದಿನಾಲ್ಕನೆಯದೂ ಬ್ಯಾಗಿಗೆ ವಾಪಸ್ ಹೋದ ದಿನ ನನ್ನ ತಾಳ್ಮೆಯ ಕಟ್ಟೆಯೊಡೆಯಿತು.

“ಸಾಕು ಮಾಡಿ ಮಾವ! ಒಪ್ಪಿಗೆ ಒಪ್ಪಿಗೆ ಅಂತ ಮಗೂನ ಹಾಳು ಮಾಡ್ತಿದ್ದೀರಿ. ಯಾವುದೋ ಒಂದನ್ನ ಹೊಂದಿಕೊಂಡು ಓದಲಿ. ಓದ್ತಾ ಓದ್ತಾ ತಾನೇ ಇಷ್ಟ ಆಗುತ್ತೆ!”

ಮಾವನ ಮುಖ ಸಪ್ಪಗಾಯಿತು. “ಆ ಮಾತೊಂದ ಆಡ್ಬ್ಯಾಡ ಕಣವ್ವ. ಅದುನ್ನ ನಾನು ಬೇಕಾದಷ್ಟು ಸಲ ಆಡಿವ್ನಿ” ಎಂದವರೇ ಕಾಫಿಯನ್ನೂ ಕುಡಿಯದೆ ಎದ್ದು ಹೋದರು. ಹೋಗಲಿ ಬಿಡು ಅಂದುಕೊಂಡೆ. ಆದರೆ ಮೂರು ವಾರ ಬರಲೇ ಇಲ್ಲ. ಮಗಳು ಎರಡು ಸಲ “ತಾತ ಯಾಕೆ ಬರಲ್ಲ?” ಎಂದು ಕೇಳಿದಳು.

ನಾಲ್ಕನೇ ಭಾನುವಾರ ಬಂದರು. ಬ್ಯಾಗಿಲ್ಲ, ತಿಂಡಿಯಿಲ್ಲ. ಕೈಯಲ್ಲಿ ಪೇಪರು ಸುತ್ತಿದ ಒಂದೇ ಪುಸ್ತಕ. ರಟ್ಟು ಕಿತ್ತುಹೋಗಿದೆ, ಹಾಳೆಗಳು ಕಂದುಬಣ್ಣಕ್ಕೆ ತಿರುಗಿವೆ. ಇದಾ ಹದಿನೈದನೆಯದು? ಮಗಳ ಕೈಗೆ ಕೊಟ್ಟು ನನ್ನ ಕಡೆ ನೋಡದೆ ಗೋಡೆಗೊರಗಿ ಕೂತರು. ಅವರ ತಂಗಿ, ಅಂದರೆ ನಮ್ಮವ್ವ, ನಮ್ಮ ಜೊತೆಗೇ ಇರುವುದು. ಅವಳು ಅಲ್ಲೇ ಕಾಲು ಚಾಚಿ ಕೂತು ಅವರೆಕಾಳು ಹಿತುಕುತ್ತಿದ್ದಳು.

ಮಗಳು ತಡವರಿಸುತ್ತಾ ಓದಿದಳು: “ಬಾವಿಯ ಒಳಗಿನಿಂದ ಯಾರೋ ಅವಳ ಹೆಸರು ಹಿಡಿದು ಕರೆದರು.”

“ಎರಡನೇ ಸಲ ಕರೆದಾಗ ಅವಳು ಓ ಎಂದಳು” ಎಂದಳು ಅವ್ವ.

ಮಗಳು ಹಾಳೆ ನೋಡಿದಳು, ಅಜ್ಜಿಯನ್ನು ನೋಡಿದಳು. “ಅಜ್ಜೀ! ಹಂಗೇ ಇದೆ! ನಿಂಗೆ ಹೆಂಗೆ ಗೊತ್ತು?”

ಅವ್ವನ ಬೆರಳಿನಲ್ಲಿದ್ದ ಕಾಳು ಅಲ್ಲೇ ಉಳಿಯಿತು. “ಅಣ್ಣಯ್ಯ, ಇದು ನಂದಲ್ವಾ?”

“ನಿಂದೇ ಕಣವ್ವ. ಗಂಡಿನೋರು ನಿನ್ನ ನೋಡಕ್ಕೆ ಬಂದ ದಿನ ನೀನು ಇದುನ್ನ ಹಿಡ್ಕಂಡು ಕುಂತಿದ್ದೆ. ಬೀಗ್ರು ಏನಂದ್ಕತಾರೋ ಅಂತ ನಾನೇ ಕಿತ್ಕಂಡೆ. ನಿನ್ ಕಾಲೂ ನೋಡಿದ್ದೆ.” ಮಾವ ಪುಸ್ತಕ ಸುತ್ತಿ ತಂದಿದ್ದ ಪೇಪರನ್ನು ಮಡಚತೊಡಗಿದರು. “ಹೊಂದ್ಕಂಡು ಹೋಗವ್ವ ಅಂದೆ. ನೀನು ಹೊಂದ್ಕಂಡೇ ಹೋದೆ. ಇದುನ್ನ ತರಕ್ಕೆ ನಂಗೆ ಇಷ್ಟು ದಿನ ಮೊಖ ಇರ್ಲಿಲ್ಲ.”

ಅವ್ವ ಬೈಯುತ್ತಾಳೆ ಅಂದುಕೊಂಡೆ. ಬೈಯಲಿ ಎಂದೇ ನನಗನ್ನಿಸಿತು, ಅವಳ ಪರವಾಗಿ ನನಗೇ ಅಷ್ಟು ಸಿಟ್ಟು ಬಂದಿತ್ತು. ಅವಳು ಕೇಳಿದ್ದೇ ಬೇರೆ.

“ಅಲ್ಲಾ, ಕೊನೀಗೆ ಆ ಬಾವೀಲಿ ಇದ್ದದ್ದು ಯಾರಣ್ಣಯ್ಯ?”

“ನಂಗೊತ್ತಿಲ್ಲ.”

“ಇಷ್ಟು ವರ್ಸ ಮಡಿಕ್ಕಂಡು ಓದಿಲ್ವಾ?”

“ನಿನ್ಗಿಂತ ಮುಂಚೆ ನಾನೆಂಗವ್ವ ಓದ್ಲಿ?”

ಊರಿನ ಪುಸ್ತಕವನ್ನೆಲ್ಲ ಓದಿ ಗುಣಾವಗುಣ ಬರೆದಿಟ್ಟ ಮನುಷ್ಯ ಇದೊಂದನ್ನು ಓದಿರಲಿಲ್ಲ! ಆಡಿದ್ದೆನಲ್ಲ, ನಾನೂ ‘ಹೊಂದಿಕೊಂಡು’ ಎಂಬ ಅದೇ ಮಾತನ್ನು, ಇದೇ ಮನೆಯಲ್ಲಿ.

“ಓದ್ಲಾ ಅಜ್ಜಿ?” ಎಂದು ಕೇಳಿ ಮಗಳು ಅಜ್ಜಿಗೆ ಒತ್ತಿಕೊಂಡು ಕೂತಳು. ಮೂರನೇ ಸಾಲಿನಲ್ಲೇ ಒಂದು ಒತ್ತಕ್ಷರ ನುಂಗಿದಳು. ನನ್ನ ಬಾಯಿ ತಾನಾಗಿ ತೆರೆಯಿತು. ಮುಚ್ಚಿಕೊಂಡು, ಅವ್ವನ ಮುಂದಿದ್ದ ಅವರೆಕಾಳಿನ ಬೋಗುಣಿಯನ್ನು ನನ್ನ ಕಡೆ ಎಳೆದುಕೊಂಡು ಹಿತುಕತೊಡಗಿದೆ. ಮಗಳು ತಪ್ಪು ತಪ್ಪಾಗಿ ಓದುತ್ತಲೇ ಹೋದಳು. ಒಂದು ಹಾಳೆ, ಎರಡು, ಐದು. ಕದ್ದು ನೋಡಿದೆ. ಅವಳ ಹೆಬ್ಬೆರಳು ಅಲ್ಲಾಡುತ್ತಿರಲಿಲ್ಲ!

ಸಂಭ್ರಮದಿಂದ ಮಾವನಿಗೆ ಸನ್ನೆ ಮಾಡಲು ತಿರುಗಿದೆ. ಅವರು ನನ್ನನ್ನೂ ನೋಡುತ್ತಿರಲಿಲ್ಲ, ಮಗಳ ಕಾಲನ್ನೂ ನೋಡುತ್ತಿರಲಿಲ್ಲ. ಕಣ್ಣು ತುಂಬಿಕೊಂಡು ತಂಗಿಯ ಕಾಲನ್ನೇ ನೋಡುತ್ತಾ ಕೂತಿದ್ದರು.